ಯಾರ ಲೆಕ್ಕದ ಆಯುಷ್ಯ?

ಒಂದು ಜೀವಕ್ಕೆ ಆಯುಷ್ಯ ಕಡಿಮೆ ಎನ್ನುವಾಗ ನಾವು ಯಾವುದಕ್ಕಿಂತ ಕಡಿಮೆ ಎನ್ನುತ್ತೇವೆ? ಇಂಗ್ಲೆಂಡಿನ ನಮ್ಮ ಮನೆಗೆ ಫೆರೆಟ್ ಮರಿಯೊಂದು ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಉದ್ದ ಮೈ, ಗಿಡ್ಡ ಕಾಲಿನ ಈ ಪ್ರಾಣಿ ನಮ್ಮ ಕಾವೇರಿ, ತುಂಗಭದ್ರೆಯ ನೀರುನಾಯಿಗಳ ಕುಟುಂಬಕ್ಕೇ ಸೇರಿದ್ದು. ಬಿಲದಲ್ಲಿ ಅಡಗಿದ ಮೊಲಗಳನ್ನು ಹೊರಗಟ್ಟಲು ಯುರೋಪಿನ ಜನ ಇದನ್ನು ಸುಮಾರು 2,000 ವರ್ಷಗಳಿಂದ ಸಾಕಿದ್ದಾರೆ. ಆರೋಗ್ಯವಾಗಿದ್ದರೆ ಆರೆಂಟು ವರ್ಷ ಬಾಳುತ್ತದೆ.

ನಮ್ಮ ಮರಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟ ವೈದ್ಯೆಗೆ ಬಡಿತದ ನಡುವೆ ಸುಯ್ಯೆನ್ನುವ ಸದ್ದು ಕೇಳಿಸಿತು. ಸ್ಕ್ಯಾನ್ ಮಾಡಿದಾಗ ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಕಂಡಿತು. ಹುಟ್ಟುತ್ತಲೇ ಬಂದದ್ದು. ಶ್ವಾಸಕೋಶದಿಂದ ಬಂದ ರಕ್ತದಲ್ಲಿ ಒಂದಿಷ್ಟು ಆ ರಂಧ್ರದ ಮೂಲಕ ಎಡಗೋಣೆಯಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ದೂಡಿದ್ದನ್ನೇ ದೂಡಿ ಹೃದಯ ದಣಿಯುತ್ತದೆ. ದಣಿದಂತೆ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಫ್ಯುರೊಸೆಮೈಡ್ ಎಂಬ ಔಷಧಿ ಆ ನೀರನ್ನು ಮೂತ್ರದಲ್ಲಿ ಇಳಿಸುತ್ತದೆ. ರಂಧ್ರವನ್ನು ಮುಚ್ಚುವುದಿಲ್ಲ.

ಮೂತಿಯ ಹತ್ತಿರ ಒಂದು ತೊಟ್ಟು ಸಾಲ್ಮನ್ ಎಣ್ಣೆ ಹಿಡಿದರೆ ಮರಿ ನೆಕ್ಕತೊಡಗುತ್ತದೆ. ಆ ಹೊತ್ತಿನಲ್ಲೇ ಸೂಜಿಯಿಲ್ಲದ ಸಿರಿಂಜನ್ನು ಕೆನ್ನೆಯ ಸಂದಿಗಿಟ್ಟು ಔಷಧಿ ಬಿಡಬೇಕು. ಮಲಗಿರುವಾಗ ಉಸಿರು ಎಣಿಸಬೇಕು. ಫೆರೆಟ್ ದಿನಕ್ಕೆ 14 ಗಂಟೆಗೂ ಹೆಚ್ಚು ಹೊತ್ತು ನಿದ್ರಿಸುತ್ತದೆ. ಆ ನಿದ್ದೆ ಎಷ್ಟು ಗಾಢವೆಂದರೆ, ಎತ್ತಿಕೊಂಡರೂ ಎಚ್ಚರವಾಗದೆ ಕತ್ತು ಜೋತುಬೀಳುತ್ತದೆ. ಗಟ್ಟಿಮುಟ್ಟಾದ ಫೆರೆಟ್ ಸಾಕಿದವರೂ ಸತ್ತೇಹೋಯಿತೆಂದು ಗಾಬರಿಬೀಳುವುದುಂಟು. ಗಡಿಯಾರ ನೋಡುತ್ತ ಪಕ್ಕೆಯ ಏರಿಳಿತ ಎಣಿಸುತ್ತೇನೆ. ಎಣಿಕೆ ಏರುತ್ತಿದ್ದರೆ ನೀರು ಸೇರುತ್ತಿದೆಯೇನೋ ಎಂಬ ಸೂಚನೆ. ಎಚ್ಚರವಾದರೆ ಮಾತ್ರ ಬೆನ್ನು ಬಾಗಿಸಿ, ಅಡ್ಡಡ್ಡ ಜಿಗಿಯುತ್ತ, ಗಂಟಲಲ್ಲೇ ಕಟಕಟ ಸದ್ದು ಮಾಡುತ್ತ ಸೋಫಾದ ಕಾಲಿಗೆ ಡಿಕ್ಕಿ ಹೊಡೆಯುತ್ತದೆ. ಬೇಗ ದಣಿಯುತ್ತದೆ. ದಣಿದಲ್ಲೇ ಹೊಟ್ಟೆಯೂರಿ ಮಲಗಿ, ಸುಧಾರಿಸಿಕೊಂಡು, ಮತ್ತೆ ಜಿಗಿಯುತ್ತದೆ.

ಆರೆಂಟು ವರ್ಷದಲ್ಲಿ ಇಷ್ಟು ಹೋಯಿತು ಎಂದು ಕಳೆಯುತ್ತ ಕೂತಿರುವವನು ನಾನು. ಸರಾಸರಿ ಆಯುಷ್ಯವನ್ನು ಯಾವ ಜೀವವೂ ಬದುಕುವುದಿಲ್ಲ. ಪ್ರತಿಯೊಂದೂ ತನ್ನದನ್ನೇ ಬದುಕುತ್ತದೆ. ಜಿಗಿಯುವ ಮರಿಯ ಪಾಲಿಗೆ ಅದರ ದಿನದಲ್ಲಿ ಕೊರತೆ ಎಂಬುದಿಲ್ಲ. ಕೊರತೆ ಇರುವುದು ನನ್ನ ನಿರೀಕ್ಷೆಯಲ್ಲಿ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಎಂದರೆ ಮನನದ ವಿಷಯಗಳಲ್ಲಿ, ಮೊದಲನೆಯದು ಅನಿತ್ಯ, ಎರಡನೆಯದು ಅಶರಣ. ಯಾವುದೂ ಉಳಿಯದು, ಸಾವಿನಿಂದ ಕಾಯುವವರು ಯಾರೂ ಇಲ್ಲ. ಇದನ್ನು ಮತ್ತೆ ಮತ್ತೆ ಮನನ ಮಾಡಿ ಎಂದ ಧರ್ಮವೇ ಜೀವದಯೆಯನ್ನು ಎತ್ತಿಹಿಡಿಯಿತು. ಮುದಿ, ರೋಗಿ ಪ್ರಾಣಿಗಳನ್ನು ಸಾಯುವ ತನಕ ನೋಡಿಕೊಳ್ಳುವ ಪಿಂಜರಾಪೋಲ್‌ಗಳ ಬೆನ್ನಿಗೆ ನಿಂತಿತು. ಇವೆರಡೂ ಹೇಗೆ ಒಟ್ಟಿಗೆ ಇರಬಲ್ಲವೆಂದು ಈಗ ನನಗೆ ಅರ್ಥವಾಗುತ್ತಿದೆ. ಉಳಿಸಿಯೇ ತೀರುತ್ತೇನೆಂಬ ಹಟ ಇಳಿದಾಗಲೇ ಎದುರಿನ ಜೀವಕ್ಕೆ ಈ ಹೊತ್ತಿನಲ್ಲಿ ಏನು ಬೇಕೆಂಬುದು ಕಣ್ಣಿಗೆ ಬೀಳುತ್ತದೆ.

ಏದುಸಿರು ಮರಿಯದು. ಅದು ನಿಜವಾದ ಸಂಕಟ. ಅದನ್ನು ತಗ್ಗಿಸಲು ಒಂದು ಗಳಿಗೆಯೂ ತಡಮಾಡಬಾರದು. ಬರುವ ವರ್ಷದ ಭಯ ನನ್ನದು. ಅದರ ಸಮಾಧಾನಕ್ಕೆಂದು ಮರಿಗೆ ಇನ್ನೊಂದು ಸೂಜಿ, ಆಸ್ಪತ್ರೆಯ ಪಂಜರದಲ್ಲಿ ಇನ್ನೊಂದು ರಾತ್ರಿ ಕೊಡಬಾರದು. ಔಷಧಿ ಸಾಲದಾಗುವ ದಿನ ಬಂದೇ ಬರುತ್ತದೆ, ಮುಂದೇನೆಂದು ವೈದ್ಯೆ ಕೇಳುತ್ತಾರೆ. ಆಗ ಎಷ್ಟು ಕಾಲ ಬದುಕಿತೆಂದು ಲೆಕ್ಕ ಹಾಕದೆ, ಉಸಿರಾಡುವುದು ಅದಕ್ಕೆ ಹಗುರವಾಗಿದೆಯೋ ಹಿಂಸೆಯಾಗಿದೆಯೋ ನೋಡಿ ಹೇಳಬೇಕು. ಹಿಂಸೆಯಾಗಿದ್ದರೆ, ಬೀಳ್ಕೊಡುವುದೂ ಆರೈಕೆಯೇ.