ತಾನೇ ತಂದುಕೊಂಡ ರೋಗ

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯನ್ನು ನಾವು ಮಾತುಮಾತಿಗೆ ಬಳಸುತ್ತೇವೆ. ಆದರೆ ಸಾರ್ವಜನಿಕ ಆಸ್ಪತ್ರೆಯ ಬಾಗಿಲ ಮೇಲೆ ಅದನ್ನೇ ಬರೆದು ಹಾಕಬಹುದೇ?

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಇಂದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿದೆ. ದೇಶದ ಮೂಲೆಮೂಲೆಯಿಂದ ಬಡ ರೋಗಿಗಳು ಬಂದು, ಎಷ್ಟೋ ಜನ ಬೀದಿಬದಿಯಲ್ಲೇ ಬಿಡಾರ ಹೂಡಿ ಸರದಿ ಕಾಯುತ್ತಾರೆ. ಅವರಲ್ಲಿ ಬಾಯಿಯ ಕ್ಯಾನ್ಸರಿನವರು ಬಹಳ. ಅದರ ಮುಖ್ಯ ಕಾರಣ ಹೊಗೆಸೊಪ್ಪು. ತಿಳಿದೂ ತಿಳಿದೂ ಅದನ್ನು ಅಗಿದವನಿಗೆ ನಮ್ಮ ತೆರಿಗೆಯ ಹಣವೇಕೆ? ಯಾವ ಚಟವನ್ನೂ ಅರಿಯದ ಮಗು ಅವನ ಹಿಂದೆ ಕಾಯಬೇಕೇ? ಈ ಪ್ರಶ್ನೆಯನ್ನು ನಿರ್ದಯವೆಂದು ತಳ್ಳಿಹಾಕುವಂತಿಲ್ಲ. ಹಾಸಿಗೆಗಳು ಕಡಿಮೆ, ರೋಗಿಗಳು ಹೆಚ್ಚು.

ಆದರೆ ‘ತಿಳಿದೂ ತಿಳಿದೂ’ ಎಂಬ ಮಾತನ್ನು ತುಸು ಕೆದಕಿ ನೋಡೋಣ. ಹೊಟ್ಟೆಪಾಡಿಗೆಂದು ಊರು ಬಿಟ್ಟ ಹುಡುಗ ಹಸಿವು, ನಿದ್ದೆಗಳನ್ನು ತಡೆಯಲು ಹಿರಿಯರ ಕೈಯಿಂದ ಮೊದಲ ಚಿಟಿಕೆ ಪಡೆಯುತ್ತಾನೆ. ಬುದ್ಧಿ ಬಲಿಯುವ ಹೊತ್ತಿಗೆ ಚಟ ಬಲಿತಿರುತ್ತದೆ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆಬೇರೆ ಪೊಟ್ಟಣಗಳಲ್ಲಿ ಮಾರುವ ಉಪಾಯ ಹುಟ್ಟಿಕೊಂಡಿತು. ಮಾರಿದವನಿಗೆ ಲಾಭ, ಸರಕಾರಕ್ಕೆ ತಂಬಾಕಿನ ತೆರಿಗೆ. ಹೊಣೆ ಮಾತ್ರ ಅಗಿದವನೊಬ್ಬನದೇ?

ತಪ್ಪನ್ನು ತೂಗುವುದಾದರೆ ಎಲ್ಲರನ್ನೂ ತೂಗಬೇಕು. ಪಥ್ಯ ಮಾಡದ ಸಕ್ಕರೆ ಕಾಯಿಲೆಯವರು, ಶಿರಸ್ತ್ರಾಣವಿಲ್ಲದೆ ಸ್ಕೂಟರ್ ಓಡಿಸುವವರು, ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಕಚೇರಿ ಸೇರುವ ನಾವು ಯಾವ ತಕ್ಕಡಿಯಲ್ಲಿ ಉಳಿದೇವು? ಮೇಲಾಗಿ, ಚಟ ಹೇಳಿದರೆ ಚಿಕಿತ್ಸೆಯಿಲ್ಲವೆಂದಾದರೆ ರೋಗಿ ಚಟವನ್ನೂ ಮುಚ್ಚಿಡುತ್ತಾನೆ, ಹುಣ್ಣನ್ನೂ ಮುಚ್ಚಿಡುತ್ತಾನೆ. ಬೇಗ ಕಂಡುಹಿಡಿದರೆ ವಾಸಿಯಾಗಬಹುದಾದ ರೋಗ ಕೈಮೀರಿದ ಮೇಲೆ ಆಸ್ಪತ್ರೆಗೆ ಬರುತ್ತದೆ.

ಆದ್ದರಿಂದ ಸರದಿಯನ್ನು ನಿರ್ಧರಿಸಬೇಕಾದದ್ದು ರೋಗದ ತೀವ್ರತೆ ಮತ್ತು ಚಿಕಿತ್ಸೆಯಿಂದಾಗುವ ಪ್ರಯೋಜನ, ರೋಗಿಯ ಗುಣಾವಗುಣವಲ್ಲ. ಲೆಕ್ಕ ಕೇಳಬೇಕಾದ ಜಾಗ ಕಾರ್ಖಾನೆ ಮತ್ತು ಅಂಗಡಿ. ಅಲ್ಲಿ ತೆರಿಗೆ ಏರಲಿ, ಆ ಹಣ ಆಸ್ಪತ್ರೆಗೆ ಹೋಗಲಿ.

ನಮ್ಮ ಮನೆಯ ಲೆಕ್ಕವೂ ಒಂದಿದೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಮದುವೆಯೂಟದ ನಂತರ ತಾಂಬೂಲದ ತಟ್ಟೆ ಹಿಡಿದು ಆದರದಿಂದ ‘ತೆಗೆದುಕೊಳ್ಳಿ’ ಎನ್ನುವ ನಾವು, ಪರೇಲಿನ ಬೀದಿಬದಿಯಲ್ಲಿ ಕುಳಿತವನನ್ನು ‘ನಿನ್ನದೇ ತಪ್ಪು’ ಎನ್ನುವ ಮುಂಚೆ ಒಂದಿಷ್ಟು ಯೋಚಿಸುವುದು ಒಳ್ಳೆಯದು.