ಮಕ್ಕಳ ಬಾಯಿಯೂ ಹಿರಿಯರ ಕಿವಿಯೂ

ಧ್ಯಾನಕ್ಕೆ ಆಧಾರ: ಸಮುವೇಲನ ಮೊದಲನೆಯ ಪುಸ್ತಕ, 3ನೆಯ ಅಧ್ಯಾಯ



ಕ್ರಿಸ್ತಜಯಂತಿಯ ಹಬ್ಬವು ಸಮೀಪಿಸಿದಾಗೆಲ್ಲಾ ನಮ್ಮ ಸಭೆಗಳಲ್ಲಿ ಮಕ್ಕಳಿಗೆ ವಚನಗಳನ್ನೂ ಸಂಭಾಷಣೆಗಳನ್ನೂ ಕಲಿಸುವದುಂಟು. ತಂಬೂರ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಉಪದೇಶಿಯಾಗಿ ತಿರುಗುತ್ತಿರುವ ನನ್ನನ್ನು ತಂದೆತಾಯಿಗಳು ಕೇಳುವ ಒಂದು ಪ್ರಶ್ನೆ ಏನಂದರೆ: “ನಮ್ಮ ಮಗನು ಮನೆಯಲ್ಲಿ ಗಿಣಿಯ ಹಾಗೆ ಮಾತಾಡುತ್ತಾನೆ, ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬಾಯಿ ಬಿಡಲೊಲ್ಲನು. ಇದಕ್ಕೆ ಏನು ಮಾಡೋಣ?” ಈ ಪ್ರಶ್ನೆಯು ಹಬ್ಬದ ಒಂದು ರಾತ್ರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಇದರಲ್ಲಿ ನಮ್ಮ ಮಕ್ಕಳ ಮುಂದಿನ ಬಾಳುವೆಯೇ ಅಡಗಿದೆ.

ಯಾಕಂದರೆ ನಮ್ಮಲ್ಲಿ ಅನೇಕರ ಅಜ್ಜಮುತ್ತಜ್ಜಂದಿರು ಊರ ಚಾವಡಿಯ ಮುಂದೆ ಕೈಕಟ್ಟಿ ದೂರದಲ್ಲಿ ನಿಂತವರು. ಕೇಳಿದರೆ ಉತ್ತರ ಕೊಡಬೇಕು, ಕೇಳದಿದ್ದರೆ ಸುಮ್ಮನಿರಬೇಕು ಎಂಬದೇ ಅವರು ಕಲಿತ ಪಾಠವಾಗಿತ್ತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿ, ಸುವಾರ್ತೆಯನ್ನು ಸಾರುವದರ ಸಂಗಡ ಶಾಲೆಗಳನ್ನೂ ತೆರೆದರು. ಪುಸ್ತಕ ಹಿಡಿದು ಎದ್ದು ನಿಂತು ಗಟ್ಟಿಯಾಗಿ ಓದುವ ಭಾಗ್ಯವು ಕಾಲಕ್ರಮದಲ್ಲಿ ಬಡವರ ಮಕ್ಕಳಿಗೂ ದೊರಕಿತು. 1992ರಲ್ಲಿ ನಮ್ಮ ದೇಶದ ಸಂವಿಧಾನಕ್ಕೆ ಮಾಡಿದ 73ನೆಯ ತಿದ್ದುಪಡಿಯಿಂದ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನವಾಯಿತು. ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಕೂಲಿಗಾರನೂ ಅದರಲ್ಲಿ ಎದ್ದು ಮಾತಾಡಬಹುದು. ಲೋಕದ ರಾಷ್ಟ್ರಗಳು 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದವು. ಭಾರತವೂ 1992ರಲ್ಲಿ ಅದಕ್ಕೆ ಒಪ್ಪಿತು. ಮಗುವಿಗೆ ಸಂಬಂಧಪಟ್ಟ ಸಂಗತಿಗಳಲ್ಲಿ ಮಗುವಿನ ಮಾತನ್ನು ಕೇಳಿ, ಅದರ ವಯಸ್ಸಿಗೂ ತಿಳುವಳಿಕೆಗೂ ತಕ್ಕ ಬೆಲೆ ಕೊಡಬೇಕೆಂಬದು ಅದರ 12ನೆಯ ವಿಧಿಯ ತಾತ್ಪರ್ಯ. ನಮ್ಮ ಕರ್ನಾಟಕದ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬದನ್ನು ಕೂಡಿಸುವ ಕ್ರಮವುಂಟು. ಶಾಲೆಗಳಲ್ಲಿ ಪ್ರತಿಭಾ ಕಾರಂಜಿಯ ಕಾಲದಲ್ಲಿ ಭಾಷಣ, ಕಂಠಪಾಠ, ಕಥೆ ಹೇಳುವದು ಮೊದಲಾದವುಗಳಿಗೆ ಸ್ಪರ್ಧೆಗಳುಂಟು. ಬಾಗಿಲು ತೆರೆದದೆ. ಆದರೆ ತೆರೆದ ಬಾಗಿಲಿನ ಒಳಗೆ ನಮ್ಮ ಮಕ್ಕಳು ಬಾಯಿ ಮುಚ್ಚಿ ನಿಂತರೆ, ಹಿಂದಿನ ಚಾವಡಿಗೂ ಇಂದಿನ ಸಭೆಗೂ ಭೇದವೇನು?

ಪ್ರಿಯರೇ, ಮೊದಲು ಒಂದು ಸಂಗತಿಯನ್ನು ತಿಳಿಯಿರಿ. ಜನರ ಮುಂದೆ ಅಂಜುವದು ಪಾಪವೂ ಅಲ್ಲ, ದಡ್ಡತನವೂ ಅಲ್ಲ. ಮೋಶೆಯು ತನ್ನ ನಾಲಿಗೆ ತಡವರಿಸುವದೆಂದು ದೇವರ ಮುಂದೆಯೇ ಹಿಂಜರಿದನು. ಯೆರೆಮೀಯನು ತಾನು ಇನ್ನೂ ಹುಡುಗನು, ಮಾತಾಡಲರಿಯೆನು ಎಂದು ಬಿನ್ನವಿಸಿದನು. ದೇವರು ಇವರನ್ನು ತಳ್ಳಿಬಿಡಲಿಲ್ಲ. ಮೋಶೆಗೆ ಅವನ ಅಣ್ಣನಾದ ಆರೋನನನ್ನು ಜೊತೆಮಾಡಿ ಕೊಟ್ಟನು. ಯೆರೆಮೀಯನ ಬಾಯನ್ನು ತನ್ನ ಕೈಯಿಂದ ಮುಟ್ಟಿದನು. ಅಂಜುವವನಿಗೆ ಬೇಕಾದದ್ದು ಬೆತ್ತವಲ್ಲ, ಜೊತೆ.

ಈಗ ಶೀಲೋವಿನ ದೇವಾಲಯದಲ್ಲಿದ್ದ ಬಾಲಕ ಸಮುವೇಲನನ್ನು ನೋಡಿರಿ. ರಾತ್ರಿಯಲ್ಲಿ ಕರೆಯು ಕೇಳಿಸಿತು. ಮುದುಕನಾದ ಏಲಿಯೇ ಕರೆದನೆಂದು ಅವನು ಮೂರು ಸಾರಿ ಎದ್ದು ಓಡಿಬಂದನು. ಏಲಿಯ ಕಣ್ಣು ಮೊಬ್ಬಾಗಿತ್ತು, ವಯಸ್ಸಾಗಿತ್ತು, ನಿದ್ರೆಯೂ ಕೆಟ್ಟಿತು. ಆದಾಗ್ಯೂ ಅವನು ಹುಡುಗನನ್ನು ಗದರಿಸಿದನೆಂದು ಬರೆದಿರುವದಿಲ್ಲ. ಅವನನ್ನು ಮಗನೇ ಎಂದು ಕರೆದನು. ಇದು ಮೊದಲನೆಯದು. ಎರಡನೆಯದಾಗಿ, ಸಮುವೇಲನು ಏನೆಂದು ಉತ್ತರಕೊಡಬೇಕೆಂಬದನ್ನು ಒಂದು ಸಣ್ಣ ಮಾತಿನಲ್ಲಿ ಕಲಿಸಿದನು. ಉದ್ದವಾದ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಲಿಲ್ಲ. ಮೂರನೆಯದಾಗಿ, ಅವನ ಹಿಂದೆ ತಾನೂ ಹೋಗಿ ನಿಂತು ಪಿಸುಗುಟ್ಟಲಿಲ್ಲ. ಹುಡುಗನು ಒಬ್ಬನೇ ಹೋಗಿ ಒಬ್ಬನೇ ಉತ್ತರ ಕೊಡುವಂತೆ ಬಿಟ್ಟನು. ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಅದನ್ನು ಕಡೆಯಲ್ಲಿ ಹೇಳುವೆನು.

ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು ದೂರದ ಊರುಗಳಲ್ಲಿಯೂ ಹೆಸರಾದದ್ದು. ಅಂಥ ತೊಟ್ಟಿಲಲ್ಲಿ ಮಲಗಿದ ಕೂಸು ಮೊದಲು ಕೇಳುತ್ತದೆ, ಆಮೇಲೆ ತೊದಲುತ್ತದೆ. ಆ ತೊದಲುಮಾತಿಗೆ ತಾಯಿಯು ಅವಮಾನ ಮಾಡುವಳೋ? ಇಲ್ಲ, “ಇನ್ನೊಮ್ಮೆ ಅನ್ನು, ನನ್ನ ಬಂಗಾರ” ಎಂದು ಕಿವಿಗೊಡುವಳು. ಆದಕಾರಣವೇ ಕೂಸು ವ್ಯಾಕರಣ ಓದದೆ ಮಾತು ಕಲಿಯುತ್ತದೆ. ಅದೇ ಮಗುವು ಎಂಟು ವರುಷದ್ದಾದಾಗ ನಾವು ಆ ಕಿವಿಯನ್ನು ಮುಚ್ಚಿಕೊಳ್ಳುತ್ತೇವೆ. ದೊಡ್ಡವರ ನಡುವೆ ಬಾಯಿ ಹಾಕಬೇಡ ಅನ್ನುತ್ತೇವೆ. ತಪ್ಪಿ ಮಾತಾಡಿದರೆ ನಗುತ್ತೇವೆ. ಉಗ್ಗುವ ಹುಡುಗನಿಗೆ ಅಡ್ಡಹೆಸರಿಡುತ್ತೇವೆ. ವರುಷವೆಲ್ಲಾ ಹೀಗೆ ಮಾಡಿ, ಹಬ್ಬದ ರಾತ್ರಿ ಅವನನ್ನು ಎತ್ತರದಲ್ಲಿ ನಿಲ್ಲಿಸಿ ಧೈರ್ಯವಾಗಿ ಮಾತಾಡು ಅನ್ನುವದು, ಬಿತ್ತದ ಹೊಲದಲ್ಲಿ ರಾಶಿಯನ್ನು ಹುಡುಕಿದಂತೆ.

ಈ ತಪ್ಪನ್ನು ಪರರ ಮೇಲೆ ಹೊರಿಸಲಾರೆನು, ನಾನೇ ಮಾಡಿದ್ದೇನೆ. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಹಬ್ಬದ ರಾತ್ರಿ ಒಂಬತ್ತು ವರುಷದ ಹುಡುಗಿಯೊಬ್ಬಳು ವಚನ ಹೇಳಲು ನಿಂತಳು. ಎರಡು ಮಾತು ಹೇಳಿ ನಿಂತುಬಿಟ್ಟಳು. ಹಿಂದಿನಿಂದ ಯಾರೋ ನಕ್ಕರು. ನಾನು ಅವಸರದಿಂದ ಮಿಕ್ಕ ಮಾತನ್ನು ಗಟ್ಟಿಯಾಗಿ ಹೇಳಿ, ಅವಳನ್ನು ಕೂಡ್ರಿಸಿ, ಮುಂದಿನ ಹುಡುಗನನ್ನು ಕರೆದೆನು. ಕಾರ್ಯಕ್ರಮವು ನಿಲ್ಲಲಿಲ್ಲ, ಆದರೆ ಆ ಮಗುವಿನ ಬಾಯಿ ನಿಂತುಹೋಯಿತು. ಮುಂದೆ ಎರಡು ವರುಷ ಅವಳು ಆದಿತ್ಯವಾರದ ಶಾಲೆಯಲ್ಲಿ ಕೇಳಿದ ಪ್ರಶ್ನೆಗೂ ತಲೆತಗ್ಗಿಸಿ ಕೂತಳು.

ಒಂದು ಸಂಜೆ ಪ್ರಾರ್ಥನೆಗೆಂದು ಆ ಮನೆಗೆ ಹೋದಾಗ, ಅವಳು ಅಜ್ಜಿಯ ಸಂಗಡ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ನಾಮಾನನ ಮನೆಯಲ್ಲಿದ್ದ ಚಿಕ್ಕ ದಾಸಿಯ ಕಥೆಯನ್ನು ಹೇಳುತ್ತಿದ್ದಳು. ಪುಸ್ತಕದ ಮಾತಿನಲ್ಲಲ್ಲ, ನಮ್ಮ ಊರ ಮಾತಿನಲ್ಲಿ. ದಾಸಿಯ ದನಿ ಬೇರೆ, ಸೇನಾಪತಿಯ ದನಿ ಬೇರೆ. ಅಜ್ಜಿಯು ನಡುವೆ ನಡುವೆ “ಹೂಂ, ಮುಂದ?” ಅನ್ನುತ್ತಿದ್ದಳು. ಸೆಮಿನರಿಯಲ್ಲಿ ನಾನು ಪ್ರಸಂಗ ಮಾಡುವ ಕ್ರಮವನ್ನು ಕಲಿತವನು. ಓದಲು ಬಾರದ ಆ ಅಜ್ಜಿಯು ಪ್ರಸಂಗ ಮಾಡಿಸುವ ಕ್ರಮವನ್ನು ಬಲ್ಲವಳಾಗಿದ್ದಳು.

ಆ ದಿವಸದಿಂದ ನಾನು ಅನುಸರಿಸಿಕೊಂಡು ಬಂದ ಕೆಲವು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಊಟದ ಹೊತ್ತಿನಲ್ಲಿ ಮಗುವನ್ನು ದಿನಕ್ಕೆ ಒಂದು ಪ್ರಶ್ನೆ ಕೇಳಿರಿ. ಹೌದು ಅಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ, ಇಂದು ಏನು ಕಂಡಿ, ಯಾಕೆ ಹಾಗಾಯಿತು ಎಂದು ಕೇಳಿರಿ. ಕೇಳಿದ ಮೇಲೆ ಕಾಯಿರಿ. ಕೂರಿಗೆಯಿಂದ ಬಿತ್ತಿದ ಒಕ್ಕಲಿಗನು ಮರುದಿನವೇ ಮಣ್ಣು ಕೆದರಿ ಮೊಳಕೆಯನ್ನು ಹುಡುಕುವದಿಲ್ಲ. ಉಗ್ಗುವ ಮಗುವಿನ ಮಾತನ್ನು ನೀವು ಮುಗಿಸಿಕೊಡಬೇಡಿರಿ, ಬೇಗ ಹೇಳೆಂದು ಅವಸರಪಡಿಸಲೂ ಬೇಡಿರಿ. ಅವನ ಮುಖವನ್ನು ನೋಡುತ್ತಾ ಶಾಂತರಾಗಿ ಕೇಳಿರಿ. ಬಾಯಿಪಾಠಕ್ಕಿಂತ ಮೊದಲು ಅರ್ಥ ತಿಳಿಯಲಿ. ಅರ್ಥ ಬಲ್ಲವನಿಗೆ ಒಂದು ಮಾತು ಮರೆತರೂ ಇನ್ನೊಂದು ಮಾತು ಸಿಕ್ಕುತ್ತದೆ. ಮೊದಲು ಮನೆಯವರ ಮುಂದೆ, ಬಳಿಕ ನೆರೆಮನೆಯವರ ಮುಂದೆ, ಬಳಿಕ ಹತ್ತು ಜನರ ಪ್ರಾರ್ಥನಾಕೂಟದಲ್ಲಿ, ಕಡೆಗೆ ದೇವಾಲಯದಲ್ಲಿ ಮಾತಾಡಲಿ. ಎರಡು ಕಾಲೂ ನೆಲಕ್ಕೆ ಊರಿ ನಿಂತು, ಒಂದು ಸಾರಿ ಉಸಿರೆಳೆದುಕೊಂಡು, ಕಡೆಯ ಚಾಪೆಯಲ್ಲಿ ಕೂತ ಮುದುಕನಿಗೆ ಕೇಳಿಸುವ ಹಾಗೆ ಹೇಳಲಿ. ನಡುವೆ ಮರೆತರೆ ಸುಮ್ಮನೆ ನಿಲ್ಲಲಿ, ಸಭೆಯೂ ಸುಮ್ಮನಿರಲಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಸರದಿ ಕೊಡಿರಿ. ಪರದೇಶದಲ್ಲಿ ಸೆರೆಯಾಗಿದ್ದ ಆ ಚಿಕ್ಕ ದಾಸಿಯು ಬಾಯಿ ತೆರೆಯದಿದ್ದರೆ ನಾಮಾನನ ಕುಷ್ಠವು ಹೇಗೆ ವಾಸಿಯಾಗುತ್ತಿತ್ತು? ತಿಮೊಥೆಯನ ನಂಬಿಕೆಯು ಸಹ ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಇದ್ದದ್ದೆಂದು ಪೌಲನು ಬರೆದನಲ್ಲವೇ?

ಆದರೆ ಎಚ್ಚರವಿರಲಿ. ಚಪ್ಪಾಳೆಗೋಸ್ಕರ ಮಾತಾಡುವ ನಾಲಿಗೆಯನ್ನು ನಾವು ಬೇಡುವದಿಲ್ಲ. ನಾಲಿಗೆಯು ಸಣ್ಣ ಬೆಂಕಿ, ದೊಡ್ಡ ಕಾಡನ್ನು ಸುಡಬಲ್ಲದು ಎಂದು ಯಾಕೋಬನು ಎಚ್ಚರಿಸಿದ್ದಾನೆ. ನಮ್ಮ ಕರ್ತನು ಹನ್ನೆರಡು ವರುಷದವನಾಗಿದ್ದಾಗ ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಮೊದಲು ಅವರ ಮಾತನ್ನು ಕೇಳುತ್ತಿದ್ದನು, ಪ್ರಶ್ನೆಗಳನ್ನೂ ಮಾಡುತ್ತಿದ್ದನು. ಆ ಬೋಧಕರೂ ಹುಡುಗನೆಂದು ಆತನನ್ನು ಎಬ್ಬಿಸಿ ಕಳುಹಿಸಲಿಲ್ಲ. ಆತನ ಉತ್ತರಗಳಿಗೆ ಕಿವಿಗೊಟ್ಟು ಬೆರಗಾದರು. ಕೇಳಬಲ್ಲ ಮಗುವೇ ಸರಿಯಾಗಿ ಹೇಳಬಲ್ಲದು.

ಇನ್ನು ಏಲಿಯ ನಾಲ್ಕನೆಯ ಕಾರ್ಯ. ದೇವರು ಆ ರಾತ್ರಿ ಸಮುವೇಲನಿಗೆ ತಿಳಿಸಿದ್ದು ಏಲಿಯ ಮನೆಯ ಮೇಲೆ ಬರುವ ನ್ಯಾಯತೀರ್ಪನ್ನೇ. ಏಲಿಯು ತನ್ನ ದುಷ್ಟ ಮಕ್ಕಳನ್ನು ತಡೆಯಲಿಲ್ಲ. ಬೆಳಗಾದ ಮೇಲೆ ಹುಡುಗನು ದೇವಾಲಯದ ಬಾಗಿಲುಗಳನ್ನು ತೆರೆದನು. ಬಾಯನ್ನು ಮಾತ್ರ ತೆರೆಯಲಿಲ್ಲ, ಅಂಜಿದನು. ಆಗ ಏಲಿಯು ತಾನಾಗಿ ಅವನನ್ನು ಕರೆದು, ಏನನ್ನೂ ಮುಚ್ಚಿಡದೆ ಹೇಳೆಂದು ಆಜ್ಞಾಪಿಸಿದನು. ತನ್ನ ಮೇಲಿನ ಕಠಿಣವಾದ ಮಾತನ್ನು ಹುಡುಗನ ಬಾಯಿಂದ ಪೂರ್ತಿಯಾಗಿ ಕೇಳಿ, ಸಿಟ್ಟಾಗದೆ, ಅದು ಕರ್ತನದೆಂದು ಒಪ್ಪಿಕೊಂಡನು. ಸಮುವೇಲನು ಮುಂದೆ ಇಸ್ರಾಯೇಲಿಗೆಲ್ಲಾ ಪ್ರವಾದಿಯಾದನು. ಆದರೆ ಅವನು ಮೊಟ್ಟಮೊದಲು ಪ್ರವಾದಿಸಿದ ಸಭೆಯಲ್ಲಿ ಕೂತಿದ್ದವನು ಒಬ್ಬ ಕುರುಡು ಮುದುಕನು, ಅವನೇ ತಪ್ಪಿತಸ್ಥನು.

ನನಗೂ ಅಂಥ ಬೆಳಗು ಬಂತು. ಆ ಹುಡುಗಿಯು ಮನೆಯಲ್ಲಿ, ನೆರೆಯಲ್ಲಿ, ಪ್ರಾರ್ಥನಾಕೂಟದಲ್ಲಿ ಕಥೆ ಹೇಳಿ ಧೈರ್ಯಗೊಂಡ ಮೇಲೆ ಒಂದು ದಿನ ನಾನು, “ಅವತ್ತು ನಿನಗೆ ವಚನ ಯಾಕೆ ಮರೆತಿತು, ತಂಗೀ?” ಎಂದು ಕೇಳಿದೆನು. ಅವಳು ನನ್ನ ಮುಖವನ್ನು ನೋಡಿ, “ಮರತಿದ್ದಿಲ್ಲರೀ. ನೀವು ಕಣ್ಣು ತೆಗದು ಸಿಟ್ಟಿಲೆ ನೋಡಿದ್ರಿ. ನನಗ ಅಂಜಿಕಿ ಬಂತರೀ” ಅಂದಳು. ಅವಳ ತಾಯಿ ಬಾಯಿಗೆ ಸೆರಗು ಹಿಡಿದು, “ದೊಡ್ಡವರಿಗೆ ಹಂಗ ಅಂತಾರೇನ?” ಎಂದು ಗದರಿಸಹೋದಳು. ನಾನು ಅವಳನ್ನು ತಡೆದು, ಹುಡುಗಿಗೆ, “ನೀನು ಹೇಳಿದ್ದು ಖರೆ, ತಪ್ಪು ನನ್ನದು” ಅಂದೆನು. ಆ ವರುಷದ ಹಬ್ಬದಲ್ಲಿ ಅವಳು ಕಥೆಯನ್ನು ಮೊದಲಿಂದ ಕಡೆಯ ವರೆಗೆ ಹೇಳಿದಳು. ನಡುವೆ ಒಂದು ಸಾರಿ ನಿಂತಳು, ಯಾರೂ ನಗಲಿಲ್ಲ, ತಾನೇ ಮುಂದುವರಿಸಿದಳು.

ಪ್ರಿಯ ತಂದೆಗಳೇ, ತಾಯಿಗಳೇ, ಸಭೆಯ ಹಿರಿಯರೇ, ನಮ್ಮ ಮುಂದೆ ನಿಜವನ್ನು ಹೇಳಲಾರದ ಮಗುವು ಪಂಚಾಯತಿಯ ಮುಂದೆ, ಸಾಹೇಬರ ಮುಂದೆ, ಕ್ರಿಸ್ತನನ್ನು ಅರಿಯದವರ ಮುಂದೆ ನಿಜವನ್ನು ಹೇಗೆ ಹೇಳೀತು? ಈ ಹೊತ್ತು ರಾತ್ರಿ ನಿಮ್ಮ ಮಕ್ಕಳಲ್ಲಿ ಮಾತಿಲ್ಲದ ಒಂದನ್ನು ಬಳಿಗೆ ಕರೆಯಿರಿ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂತುಕೊಳ್ಳಿರಿ. ಬಂದ ಉತ್ತರವು ನಿಮಗೆ ಕಹಿಯಾದರೂ ಪೂರ್ತಿಯಾಗಿ ಕೇಳಿರಿ.

ಕೂಸುಗಳ ಸ್ತೋತ್ರವನ್ನು ತಿರಸ್ಕರಿಸದ ಕರ್ತನು ನಮ್ಮ ಮಕ್ಕಳ ಬಾಯಿಗಳನ್ನು ತೆರೆಯಲಿ. ಅದಕ್ಕಿಂತ ಮುಂಚೆ ನಮ್ಮ ಕಿವಿಗಳನ್ನು ತೆರೆಯಲಿ. ಆಮೆನ್.