ಕಾಣದ ನೋವಿಗೆ ಸಾಕ್ಷಿ ಯಾರು?

ನೋವು ಎಂಬುದು ಅದನ್ನು ಅನುಭವಿಸುವ ಜೀವಕ್ಕೆ ಮಾತ್ರ ಪ್ರತ್ಯಕ್ಷ. ಉಳಿದವರಿಗೆಲ್ಲ ಅದು ಕೇಳಿ ತಿಳಿಯಬೇಕಾದ ಅಥವಾ ಊಹಿಸಿ ತಿಳಿಯಬೇಕಾದ ವಿಷಯ. ಗಾಯವಾದರೆ ರಕ್ತ ಕಾಣುತ್ತದೆ. ಜ್ವರ ಬಂದರೆ ಮೈ ಸುಡುತ್ತದೆ. ಮೂಳೆ ಮುರಿದರೆ ಎಕ್ಸ್-ರೇ ಚಿತ್ರದಲ್ಲಿ ಗೆರೆ ಮೂಡುತ್ತದೆ. ಬಹುಪಾಲು ತಲೆನೋವುಗಳಿಗೆ ಇಂತಹ ಯಾವ ಹೊರಗುರುತೂ ಇಲ್ಲ. ಭಾರತೀಯ ತರ್ಕಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಕಂಡದ್ದರ ಆಧಾರದಿಂದ ಕಾಣದ್ದನ್ನು ಅರಿಯುವ ಪ್ರಮಾಣ. ಕನ್ನಡದ ಆಡುಮಾತಿನಲ್ಲಿ ಅದೇ ಶಬ್ದಕ್ಕೆ ಸಂಶಯವೆಂಬ ಅರ್ಥ ಬಂದಿದೆ. ಮಗುವೊಂದು ‘ತಲೆ ನೋಯುತ್ತಿದೆ’ ಎಂದಾಗ ಹಿರಿಯರು ಯಾವ ಅರ್ಥದ ಅನುಮಾನವನ್ನು ಮಾಡುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ; ಅದು ಒಂದು ನೈತಿಕ ಪ್ರಶ್ನೆ.

ಹತ್ತು ವರ್ಷದ ಬಾಲಕಿಯೊಬ್ಬಳು ಸೋಮವಾರ ಬೆಳಿಗ್ಗೆ ಸಮವಸ್ತ್ರ ತೊಟ್ಟು, ಜಡೆ ಹಾಕಿಸಿಕೊಂಡ ಮೇಲೆ ಹಣೆ ಹಿಡಿದು ಕುಳಿತಳೆಂದು ಇಟ್ಟುಕೊಳ್ಳಬಹುದು. ಬೆಳಕು ಬೇಡವೆಂದಳು, ಸದ್ದು ಬೇಡವೆಂದಳು; ತಿಂದದ್ದು ವಾಂತಿಯಾಯಿತು. ಕತ್ತಲೆಯ ಕೋಣೆಯಲ್ಲಿ ಮಲಗಿದವಳು ಮೂರು ಗಂಟೆಗಳ ಬಳಿಕ ಎದ್ದು ಮಜ್ಜಿಗೆ ಅನ್ನ ಕೇಳಿದಳು. ಸಂಜೆ ಗೆಳತಿಯರೊಡನೆ ಕುಂಟೆಬಿಲ್ಲೆಯನ್ನೂ ಆಡಿದಳು. ‘ಶಾಲೆಯ ಹೊತ್ತು ಮೀರಿತು, ನೋವೂ ಹೋಯಿತು’ ಎಂದರು ಅಜ್ಜಿ. ‘ಇವತ್ತು ಲೆಕ್ಕದ ಪರೀಕ್ಷೆ ಇತ್ತಲ್ಲವೇ?’ ಎಂದು ತಂದೆ ನಕ್ಕರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಆ ಮನೆಯಲ್ಲಿ ಒಂದು ತೀರ್ಪು ಆಗಿಹೋಯಿತು: ಈ ಹುಡುಗಿ ಸುಳ್ಳು ಹೇಳಿದಳು.

ವೈದ್ಯಶಾಸ್ತ್ರವು ಈ ತೀರ್ಪನ್ನು ಒಪ್ಪುವುದಿಲ್ಲ. ಮೈಗ್ರೇನಿಗೆ ಕನ್ನಡದಲ್ಲಿ ‘ಅರೆತಲೆನೋವು’ ಎಂಬ ಹೆಸರಿದೆ. ಆದರೆ ಮಕ್ಕಳಲ್ಲಿ ಅದು ಅನೇಕ ವೇಳೆ ಅರ್ಧತಲೆಯನ್ನಲ್ಲ, ಹಣೆಯ ಎರಡೂ ಬದಿಗಳನ್ನು ಹಿಡಿಯುತ್ತದೆ. ವಯಸ್ಕರಲ್ಲಿ ಚಿಕಿತ್ಸೆಯಿಲ್ಲದೆ 4 ಗಂಟೆಗಳಿಂದ 72 ಗಂಟೆಗಳವರೆಗೆ ಉಳಿಯುವ ಈ ನೋವು ಮಕ್ಕಳಲ್ಲಿ 2 ಗಂಟೆಗಳಲ್ಲಿಯೇ ಇಳಿಯಬಹುದು. ನಿದ್ರೆ ಬಂದರೆ ಎಷ್ಟೋ ಮಕ್ಕಳು ನೋವಿಲ್ಲದೆ ಏಳುತ್ತಾರೆ. ನಿದ್ರೆಗೆಡುವುದು, ಉಪಾಹಾರ ತಪ್ಪುವುದು, ಮನಸ್ಸಿನ ಒತ್ತಡ ಇವು ನೋವನ್ನು ಕೆರಳಿಸುವುದರಿಂದ, ರಜೆಗಿಂತ ಶಾಲೆಯ ದಿನಗಳಲ್ಲಿ ಅದು ಹೆಚ್ಚಾಗಿ ಬರುವುದೂ ಉಂಟು. ಥಟ್ಟನೆ ಬಂದದ್ದು, ಮಲಗಿ ಎದ್ದೊಡನೆ ಹೋದದ್ದು, ಶಾಲೆಯ ದಿನವೇ ಬಂದದ್ದು — ಸುಳ್ಳಿಗೆ ಸಾಕ್ಷಿಯೆಂದು ಹಿರಿಯರು ಹಿಡಿಯುವ ಈ ಲಕ್ಷಣಗಳೆಲ್ಲ ಆ ವ್ಯಾಧಿಯ ಲಕ್ಷಣಗಳೇ ಆಗಿವೆ. ಸಾಕ್ಷ್ಯವನ್ನು ತಲೆಕೆಳಗಾಗಿ ಓದಿದರೆ ನಿರಪರಾಧಿಯೂ ಅಪರಾಧಿಯಾಗಿ ಕಾಣುತ್ತಾನೆ.

ಈ ವ್ಯಾಧಿ ಅಪರೂಪದ್ದೂ ಅಲ್ಲ. ಸ್ವೀಡನ್ನಿನ ಉಪ್ಸಾಲಾ ನಗರದ ಮಕ್ಕಳ ವೈದ್ಯ ಬೋ ಬಿಲ್ಲೆ ಅವರು 7ರಿಂದ 15 ವರ್ಷದ 8,993 ಶಾಲಾ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವು 1962ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು ನಾಲ್ಕು ಮಕ್ಕಳಲ್ಲಿ ಮೈಗ್ರೇನ್ ಕಂಡುಬಂದಿತ್ತು. ತೀವ್ರವಾಗಿ ನರಳುತ್ತಿದ್ದ 73 ಮಕ್ಕಳನ್ನು ಅವರು ನಲವತ್ತು ವರ್ಷಗಳ ಕಾಲ ಹಿಂಬಾಲಿಸಿ ವಿಚಾರಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಐವತ್ತರ ಹರೆಯದಲ್ಲಿಯೂ ನೋವು ಉಳಿದಿತ್ತು. ಶಾಲೆ ತಪ್ಪಿಸಲು ಹೂಡಿದ ನೆಪವಾಗಿದ್ದರೆ, ಶಾಲೆ ಮುಗಿದು ಮೂರು ದಶಕಗಳಾದ ಮೇಲೂ ಅದು ಏಕೆ ಉಳಿಯಬೇಕು? ಈ ನೋವು ವಂಶದಲ್ಲಿ ಹರಿಯುವಂಥದ್ದು ಎಂಬುದೂ ತಿಳಿದ ಸಂಗತಿ. ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳ 2,329 ವಯಸ್ಕರನ್ನು ಕುರಿತ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25ರಷ್ಟು ಎಂದು ಅದು ತಿಳಿಸಿತು. ಎಂದ ಮೇಲೆ, ಮಗುವಿನ ಮಾತನ್ನು ಸಂಶಯಿಸುವ ಎಷ್ಟೋ ಮನೆಗಳಲ್ಲಿ ಅದೇ ನೋವನ್ನು ಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಾರೆ.

ಹಾಗಾದರೆ ಮಕ್ಕಳು ನೆಪ ಹೇಳುವುದೇ ಇಲ್ಲವೇ? ಹೇಳುತ್ತಾರೆ. ಪ್ರಶ್ನೆ ಇರುವುದು, ತಪ್ಪುವುದಾದರೆ ಯಾವ ಕಡೆಗೆ ತಪ್ಪುವುದು ಲೇಸು ಎಂಬಲ್ಲಿ. ಸುಳ್ಳುನೋವನ್ನು ನಂಬಿದರೆ ಆಗುವ ನಷ್ಟ ಒಂದು ದಿನದ ಪಾಠ. ಅದನ್ನು ನಾಳೆ ತುಂಬಿಕೊಳ್ಳಬಹುದು. ನಿಜವಾದ ನೋವನ್ನು ನಂಬದಿದ್ದರೆ ಆಗುವ ನಷ್ಟ ಬೇರೆ ಬಗೆಯದು. ಸತ್ಯ ಹೇಳಿ ಸುಳ್ಳುಗಾರನೆನಿಸಿಕೊಂಡ ಮಗು ಎರಡು ಪಾಠಗಳನ್ನು ಕಲಿಯುತ್ತದೆ: ನೋವನ್ನು ಮುಚ್ಚಿಡಬೇಕು ಎಂಬುದು ಒಂದು, ಸತ್ಯಕ್ಕೆ ಬೆಲೆಯಿಲ್ಲ ಎಂಬುದು ಇನ್ನೊಂದು. ಮೊದಲನೆಯದು ದೇಹಕ್ಕೆ ಹಾನಿ, ಎರಡನೆಯದು ಚಾರಿತ್ರ್ಯಕ್ಕೆ ಹಾನಿ. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಂಬುವುದೆಂದರೆ ಪರೀಕ್ಷಿಸದೆ ಬಿಡುವುದಲ್ಲ. ಮಕ್ಕಳ ತಲೆನೋವಿನ ತಜ್ಞರು ಮಾಡುವ ಮೊದಲ ಕೆಲಸವೇ ಇದನ್ನು ಕಲಿಸುತ್ತದೆ: ಅವರು ತಾಯಿತಂದೆಯರನ್ನಷ್ಟೇ ಅಲ್ಲ, ಮಗುವನ್ನೇ ಕೇಳುತ್ತಾರೆ. ಎಲ್ಲಿ ನೋವು, ಎಷ್ಟು ಹೊತ್ತು, ಬೆಳಕು ಸದ್ದುಗಳನ್ನು ಸಹಿಸಲಾಗುತ್ತದೆಯೇ ಎಂದು ವಿಚಾರಿಸಿ, ರಕ್ತದೊತ್ತಡ ನೋಡಿ, ಕಣ್ಣಿನ ಒಳಪದರವನ್ನೂ ನರಮಂಡಲವನ್ನೂ ಪರೀಕ್ಷಿಸುತ್ತಾರೆ. ಎಲ್ಲವೂ ಸರಿಯಿದ್ದು, ಹೇಳಿದ ಕಥೆ ಮೈಗ್ರೇನಿಗೆ ಹೊಂದಿದರೆ ಸಾಮಾನ್ಯವಾಗಿ ಸ್ಕ್ಯಾನಿನ ಅಗತ್ಯವಿರುವುದಿಲ್ಲ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಬೆಳಿಗ್ಗೆ ಏಳುತ್ತಲೇ ಪದೇಪದೇ ವಾಂತಿಯಾಗುತ್ತಿದ್ದರೆ, ದೃಷ್ಟಿ ಮಂದವಾದರೆ, ನಡಿಗೆ ತಡವರಿಸಿದರೆ, ಸ್ವಭಾವ ಬದಲಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ತಲೆಯೊಳಗಿನ ಗೆಡ್ಡೆಯಂತಹ ಅಪಾಯದ ಸೂಚನೆ ಅದಾಗಿರಬಹುದು. ಮಾತನ್ನೇ ನಂಬದ ಮನೆಗೆ ಈ ವ್ಯತ್ಯಾಸಗಳು ತಿಳಿಯುವುದಾದರೂ ಹೇಗೆ?

ಅಮೆರಿಕದ ಸಿನ್ಸಿನಾಟಿ ನಗರದ ಮಕ್ಕಳ ಆಸ್ಪತ್ರೆಯ ತಜ್ಞರು 2001ರಲ್ಲಿ ಪ್ರಕಟಿಸಿದ ‘ಪೆಡ್‌ಮಿಡಾಸ್’ ಎಂಬ ಪ್ರಶ್ನಾವಳಿಯಲ್ಲಿ ಆರೇ ಪ್ರಶ್ನೆಗಳಿವೆ. ಕಳೆದ ಮೂರು ತಿಂಗಳಲ್ಲಿ ತಲೆನೋವಿನಿಂದ ಎಷ್ಟು ದಿನ ಶಾಲೆ ತಪ್ಪಿತು, ಎಷ್ಟು ದಿನ ಮನೆಯ ಕೆಲಸ ತಪ್ಪಿತು ಎಂಬುದರ ಜೊತೆಗೆ, ಎಷ್ಟು ದಿನ ಆಟ ತಪ್ಪಿತು ಎಂಬುದನ್ನೂ ಅದು ಕೇಳುತ್ತದೆ. ಇದು ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಶಾಲೆ ತಪ್ಪಿದ ದಿನಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಹುಟ್ಟುಹಬ್ಬದ ದಿನ, ಜಾತ್ರೆಯ ದಿನ ಮಗು ಕತ್ತಲೆಯಲ್ಲಿ ಮಲಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಚಿಕಿತ್ಸೆಯ ಇತಿಹಾಸದಲ್ಲಿಯೂ ಒಂದು ಪಾಠವಿದೆ. ಅಮೆರಿಕದಲ್ಲಿ 8ರಿಂದ 17 ವರ್ಷದ 361 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2017ರಲ್ಲಿ ಮುದ್ರಿತವಾಯಿತು. ಅಮಿಟ್ರಿಪ್ಟಿಲಿನ್ ಪಡೆದವರಲ್ಲಿ ನೂರಕ್ಕೆ 52, ಟೋಪಿರಮೇಟ್ ಪಡೆದವರಲ್ಲಿ 55, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 61 ಮಕ್ಕಳಿಗೆ ನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತಲೂ ಕಡಿಮೆಗೋ ಇಳಿದವು. ‘ಹಾಗಾದರೆ ನೋವೇ ಹುಸಿ’ ಎಂದು ಆತುರದವರು ಹೇಳಬಹುದು. ಅದು ತಪ್ಪು ತರ್ಕ. ಮಾತ್ರೆ ಹುಸಿಯಾದುದರಿಂದ ನೋವು ಹುಸಿಯಾಗದು. ಆ ಮೂರು ಗುಂಪಿನ ಮಕ್ಕಳಿಗೂ ನೋವಿನ ದಿನಚರಿ ಬರೆಯುವ ಕ್ರಮವಿತ್ತು. ಅವರ ಮಾತನ್ನು ಕೇಳುವ ವೈದ್ಯರಿದ್ದರು. ಅದರಿಂದಲೇ ಗುಣವಾಯಿತೆಂದು ಆ ಪ್ರಯೋಗ ಸಿದ್ಧಮಾಡದು. ಆದರೆ ಔಷಧಕ್ಕಿಂತ ಆಚೆಗೂ ಗುಣಪಡಿಸುವ ಶಕ್ತಿಗಳಿವೆಯೆಂದು ತೋರಿಸುತ್ತದೆ. ಇದಕ್ಕೆ ಮೊದಲು, ದೀರ್ಘಕಾಲದ ಮೈಗ್ರೇನ್ ಇದ್ದ 135 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎಲ್ಲರಿಗೂ ಒಂದೇ ಔಷಧ ಕೊಡಲಾಗಿತ್ತು. ನೋವನ್ನು ಎದುರಿಸುವ ಮನೋಭ್ಯಾಸವನ್ನೂ ಕಲಿತವರಲ್ಲಿ ನೂರಕ್ಕೆ 66, ತಲೆನೋವಿನ ಬಗೆಗೆ ತಿಳುವಳಿಕೆಯನ್ನಷ್ಟೇ ಪಡೆದವರಲ್ಲಿ 36 ಮಂದಿಗೆ ನೋವಿನ ದಿನಗಳು ಅರ್ಧಕ್ಕಿಳಿದವು. ಆದುದರಿಂದ ಮನಸ್ಸಿಗೆ ತರಬೇತಿ ಕೊಡುವುದು ನೋವನ್ನು ಅಲ್ಲಗಳೆಯುವುದಲ್ಲ. ಅದನ್ನು ಒಪ್ಪಿದ ಮೇಲಿನ ಹೆಜ್ಜೆ.

ಮನೆಯ ಕರ್ತವ್ಯಗಳು ಸರಳವಾಗಿವೆ. ಹೊತ್ತಿಗೆ ಸರಿಯಾದ ನಿದ್ರೆ, ಊಟ, ಸಾಕಷ್ಟು ನೀರು. ನೋವು ಆರಂಭವಾದೊಡನೆ ವೈದ್ಯರು ದೇಹದ ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಔಷಧ. ತಿಂಗಳಲ್ಲಿ ಅರ್ಧದಷ್ಟು ದಿನಗಳು ಮಾತ್ರೆ ನುಂಗಿದರೆ ಆ ಮಾತ್ರೆಯೇ ನೋವಿಗೆ ಕಾರಣವಾಗುವುದುಂಟು. ಹಿರಿಯರ ಉಪವಾಸವನ್ನು ಕಂಡು ತಾನೂ ವ್ರತ ಹಿಡಿಯುವೆನೆಂದು ಹಂಬಲಿಸುವ ಮಗುವಿಗೆ ಈ ವ್ಯಾಧಿಯಿದ್ದರೆ, ಹಸಿವು ಅದನ್ನು ಕೆರಳಿಸುತ್ತದೆಂಬುದನ್ನು ಮರೆಯಲಾಗದು. ಆ ಹಂಬಲವನ್ನು ಮೆಚ್ಚಿ, ಶರೀರಕ್ಕೆ ಒಗ್ಗುವ ಬೇರೊಂದು ನಿಯಮವನ್ನು ಸೂಚಿಸುವುದು ಹಿರಿಯರ ವಿವೇಕ. ನೋವು ಇಳಿದ ಮೇಲೆ ಮಗುವನ್ನು ಶಾಲೆಗೆ ಕಳುಹಿಸುವುದೂ ಅಷ್ಟೇ ಮುಖ್ಯ. ನಂಬಿಕೆ ಮುದ್ದಾಗಿ ಕೆಡಬಾರದು. ಶಿಸ್ತು ಸಂಶಯವಾಗಿ ಕೆಡಬಾರದು.

ಆ ಸೋಮವಾರದ ಬಾಲಕಿಗೆ ಅಂದು ಬೇಕಾಗಿದ್ದುದು ಬಹಳವೇನೂ ಅಲ್ಲ. ‘ನೋಯುತ್ತಿದೆಯೇನಮ್ಮಾ? ಮಲಗು, ಕಿಟಕಿ ಮುಚ್ಚುತ್ತೇನೆ’ ಎಂಬ ಒಂದು ಮಾತು. ಆ ದಿನದ ತಾರೀಖನ್ನು ಪುಸ್ತಕದಲ್ಲಿ ಗುರುತಿಸಿಡುವ ಒಂದು ಕೈ. ಕಾಣದ ನೋವಿಗೆ ಮಗುವಿನ ಮಾತೇ ಸಾಕ್ಷಿ. ಆ ಸಾಕ್ಷಿಯನ್ನು ವಿಚಾರಣೆಗೆ ಮೊದಲೇ ತಳ್ಳಿಹಾಕುವ ಅಧಿಕಾರ, ಎಷ್ಟೇ ಪ್ರೀತಿಯಿಂದ ಸಾಕಿದವರಿಗೂ ಇಲ್ಲ.